ಗೆರೆ ಎಳೆದ ಬೋಲ್ಟು

ಭಾನುವಾರ ಮಧ್ಯಾಹ್ನ ಮಹಡಿಯವರೂ ಕೆಳಗಿನವರೂ ಒಂದೇ ಮೇಜಿಗೆ ಕೂತು ಉಣ್ಣಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಮಹಡಿಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ. ಕೆಳಗೆ ಅಪ್ಪ, ಅಮ್ಮ, ಮಗಳು, ಅಜ್ಜಿ. ಚಿಕ್ಕಪ್ಪನ ಮಗನನ್ನು ಎಲ್ಲರೂ ರಾಕೆಟ್ ಎನ್ನುತ್ತಿದ್ದರು. ನಡೆಯಲು ಕಲಿತ ಹೊಸದರಲ್ಲಿ ಮೈತುಂಬ ಸೋಪಿನ ನೊರೆಯೊಂದಿಗೆ ಬಚ್ಚಲುಮನೆಯಿಂದ ಬೀದಿಗೆ ಓಡಿ ಸಂಪಾದಿಸಿದ ಹೆಸರು ಅದು. ಮಗಳು ಕಡ್ಡಿ. ಆ ಹೆಸರಿಗೆ ಕಥೆ ಬೇಕಿರಲಿಲ್ಲ, ಅವಳನ್ನು ನೋಡಿದರೆ ಸಾಕಿತ್ತು.

ಅಡುಗೆ ಅಮ್ಮನದು, ಬಡಿಸುವುದೂ ಅವಳೇ. ಚಿಕ್ಕಪ್ಪನ ತಟ್ಟೆಗೆ ಯಾವಾಗಲೂ ಪಾತ್ರೆಯ ತಳದ ಅನ್ನ ಬೀಳುತ್ತಿತ್ತು.

"ಅತ್ತಿಗೆ, ಇವತ್ತೂ ಸ್ವಲ್ಪ ಸೀದಿದೆ."

"ಹೌದಾ. ಬೇರೆ ಯಾರೂ ಹೇಳಲಿಲ್ಲ."

ಚಿಕ್ಕಪ್ಪ ಕಪ್ಪಾದ ಅಗುಳುಗಳನ್ನು ತಟ್ಟೆಯ ಅಂಚಿಗೆ ಸರಿಸಿದ. ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದ: "ಅಣ್ಣ, ಹಿತ್ತಲಲ್ಲಿರೋ ಆ ಗುಜರಿ ಕಾರಿಗೆ ಒಂದು ಗತಿ ಕಾಣಿಸ್ಬೇಕು. ನಂಗೆ ಜಾಗ ಬೇಕಾಗಿದೆ. ತೂಕಕ್ಕೆ ಹಾಕಿಬಿಡೋಣ."

ಅಪ್ಪ ಮೊಟ್ಟೆ ಮುರಿಯುತ್ತಿದ್ದ.

"ಅದನ್ನ ತಂದು ಅಲ್ಲಿ ನಿಲ್ಲಿಸಿದ್ದು ಯಾರು ಚಿಕ್ಕಪ್ಪ?" ಕಡ್ಡಿ ಕೇಳಿದಳು.

"ನಾನೇ. ಗ್ಯಾರೇಜಲ್ಲಿ ಜಾಗ ಇರಲಿಲ್ಲ."

"ಇಷ್ಟು ದೊಡ್ಡ ಹಿತ್ತಲಲ್ಲಿ ಅಪ್ಪನ ಮಂಚದ ಕಿಟಕಿ ಎದುರಿಗೇ ಜಾಗ ಸಿಕ್ತು."

"ಲೇ, ಊಟದ ಹೊತ್ತಲ್ಲಿ ಬೇಡ," ಅಂದಳು ಅಜ್ಜಿ.

"ಜಗಳ ಅಲ್ಲ ಅಜ್ಜಿ, ಲೆಕ್ಕಾಚಾರದ ಮಾತು. ಆ ಕಾರನ್ನ ನಾನು ತಗೋತೀನಿ. ರೆಡಿ ಮಾಡಿ ಟ್ರ್ಯಾಕಿಗೆ ಇಳಿಸ್ತೀನಿ."

ರಾಕೆಟ್ ನಕ್ಕು ಕೆಮ್ಮಿದ. ಚಿಕ್ಕಮ್ಮ ಅವನ ಬೆನ್ನು ತಟ್ಟಿದಳು. "ಕಡ್ಡಿ, ಅದರ ಮೂತಿ ಹೊಟ್ಟೆ ಒಳಗೆ ಹೋಗಿದೆ. ಓಡಿಸ್ಕೊಂಡು ಬರ್ತೀಯೋ, ತಳ್ಕೊಂಡು ಬರ್ತೀಯೋ?" ರಾಕೆಟ್ ಕೇಳಿದ.

"ನಿನ್ನನ್ನ ಹಿಂದೆ ಹಾಕೋಕೆ ಬರ್ತೀನಿ. ಹೆಂಗೆ ಬಂದ್ರೆ ನಿಂಗೇನು?"

ಅಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಬೇಡ ಎಂದು ಆ ನೋಟದಲ್ಲಿತ್ತು. ಅವಳು ಅದನ್ನು ಕಾಣದವಳಂತೆ ನೀರು ಕುಡಿದಳು.

ಗ್ಯಾರೇಜು ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ವೇಗದ ಕಾರುಗಳನ್ನು ಇನ್ನಷ್ಟು ವೇಗ ಮಾಡುವುದೇ ಅಲ್ಲಿನ ಕೆಲಸ: ಕಂಪನಿ ಹಾಕಿದ ಭಾಗ ಬಿಚ್ಚಿ ಅದಕ್ಕಿಂತ ಬಲವಾದುದನ್ನು ಹಾಕುವುದು. ಅಪ್ಪನದು ಕೈ, ಚಿಕ್ಕಪ್ಪನದು ಬಾಯಿ. ಅಲ್ಲಿ ಮೊದಲ ದಿನದಿಂದ ಒಂದು ಪದ್ಧತಿಯಿತ್ತು. ಒಬ್ಬರು ಬೋಲ್ಟು ಬಿಗಿ ಮಾಡಬೇಕು, ಇನ್ನೊಬ್ಬರು ಅದಕ್ಕೆ ಸ್ಪ್ಯಾನರ್ ಹಾಕಿ ನೋಡಿ ಹಳದಿ ಬಣ್ಣದ ಗೆರೆ ಎಳೆಯಬೇಕು. ಬಿಗಿ ಮಾಡಿದವನು ಗೆರೆ ಎಳೆಯುವಂತಿಲ್ಲ. ಗೆರೆ ಬಿದ್ದ ಬೋಲ್ಟನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಅದು ಗೆರೆ ಎಳೆದವನಿಗೆ ಅವಮಾನ.

ಹಿಂದಿನ ವರ್ಷ, ಕಾರುಗಳ ಪೈಪೋಟಿ ನಡೆಯುವ ಟ್ರ್ಯಾಕ್ ದಿನಕ್ಕೆ ಮುಂಚೆ, ಹಲ್ಲಿನ ಡಾಕ್ಟರೊಬ್ಬರ ಕೆಂಪು ಕಾರು ಬ್ರೇಕು ಬದಲಿಸಲು ಬಂತು. ಎಡ ಮುಂಚಕ್ರ ರಾಕೆಟ್‌ನ ಪಾಲಿಗೆ ಬಿದ್ದಿತ್ತು. ಅಪ್ಪ ಬೇರೆ ಚಕ್ರದಲ್ಲಿದ್ದ. ರಾಕೆಟ್ ಕಾಯುವ ಗೋಜಿಗೆ ಹೋಗದೆ ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಕೂರಿಸಿ, ಸ್ಪ್ಯಾನರ್ ಹಾಕುವ ಮೊದಲೇ ಗೆರೆ ಎಳೆದುಬಿಟ್ಟ. ಫೋನು ಬಂತು. ಮಾತು ಮುಗಿಸಿ ಬಂದು ನೋಡಿದರೆ ಗೆರೆಯಿತ್ತು. ಗೆರೆಯಿದ್ದರೆ ಬಿಗಿಯಾಗಿದೆ ಎಂದೇ ಅವನ ಕಣ್ಣಿಗೆ ಅಭ್ಯಾಸ. ಚಕ್ರ ಹಾಕಿಬಿಟ್ಟ. ಮರುದಿನ ತಿರುವಿನಲ್ಲಿ ಬ್ರೇಕು ಕಳಚಿಕೊಂಡು ಕಾರು ಗೋಡೆಗೆ ಬಡಿಯಿತು. ಡಾಕ್ಟರ ಭುಜದ ಮೂಳೆ ಮುರಿಯಿತು.

ಅವತ್ತು ಸಂಜೆ ರಾಕೆಟ್ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು, ನಡೆದದ್ದೆಲ್ಲ ಹೇಳಿ ಅತ್ತ. ಅಜ್ಜಿ ದೊಡ್ಡ ಮಗನನ್ನು ಕರೆದಳು. "ಅವನು ಇನ್ನೂ ಬದುಕು ಶುರು ಮಾಡ್ಬೇಕು. ನಿಂದು ಮುಗಿಯೋಕೆ ಬಂತು. ನೀನು ಸುಮ್ಮನಿರು," ಅಂದಳು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಅದನ್ನು ಕೇಳಿಸಿಕೊಂಡಳು, ಮಗಳಿಗೆ ಹೇಳಿದಳು. ಅಪ್ಪ ಇಬ್ಬರ ಬಾಯಿಗೂ ಬೀಗ ಹಾಕಿದ. ಚಿಕ್ಕಪ್ಪ ಮಾತ್ರ ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳುತ್ತ ಬಂದ: "ಅಣ್ಣನ ಕೈ ಮೊದಲಿನ ಹಾಗಿಲ್ಲ. ವಯಸ್ಸು ನೋಡಿ." ಕೆಲವೇ ವಾರದಲ್ಲಿ ಗ್ಯಾರೇಜಿನ ಬೋರ್ಡಿನ ಮೇಲೆ ಒಂದೇ ಹೆಸರು ಉಳಿಯಿತು. ಅಪ್ಪ ಮನೆಯಲ್ಲೇ ಕೂತು ಅಕ್ಕಪಕ್ಕದವರ ನೀರಿನ ಪಂಪು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡತೊಡಗಿದ.

ಹಿತ್ತಲಲ್ಲಿದ್ದ ಆ ಕೆಂಪು ಕಾರು ಇನ್ನೂ ಡಾಕ್ಟರ ಹೆಸರಿನಲ್ಲಿತ್ತು. ಕಡ್ಡಿ ಕೆಲಸ ಮಾಡುತ್ತಿದ್ದುದು, ಎಂಜಿನ್ನಿಗೆ ಗಾಳಿ ತುರುಕಿ ಬಲ ಹೆಚ್ಚಿಸುವ ಟರ್ಬೊಗಳ ರಿಪೇರಿ ಅಂಗಡಿಯಲ್ಲಿ. ಅಲ್ಲಿಂದ ಅರ್ಧ ದಿನ ರಜ ಕೇಳಿ ಅವರ ಕ್ಲಿನಿಕ್ಕಿಗೆ ಹೋದಳು. ಒಳಗೆ ಬಿಡಿಸಿಕೊಳ್ಳಲು ಹಲ್ಲುನೋವು ಎಂದು ಸುಳ್ಳು ಹೇಳಿದ್ದಳು. ಡಾಕ್ಟರು ಕುರ್ಚಿಯಲ್ಲಿ ಮಲಗಿಸಿ ಬಾಯಿ ತೆರೆಸಿ ನೋಡಿದರೆ ನಿಜಕ್ಕೂ ಒಂದು ಹುಳುಕಿತ್ತು.

"ಗ್ಯಾರೇಜಿನವರ ಮಗಳು ತಾನೇ ನೀನು? ಹೆಸರು ನೋಡಿ ಅಂದುಕೊಂಡೆ." ಅವರು ಕೊರೆಯುವ ಯಂತ್ರ ತೆಗೆದುಕೊಂಡರು. "ನಿನ್ನ ಅಪ್ಪನ ಮೇಲೆ ಕೋಪ ಇಲ್ಲ ನನಗೆ. ಒಳ್ಳೆ ಮನುಷ್ಯ. ಆದರೆ ಕೈ ನಡುಗೋಕೆ ಶುರುವಾದ ಮೇಲೆ ಬಿಟ್ಟುಬಿಡಬೇಕು. ನನಗೆ ನಡುಗಿದರೆ ನಾನು ನಿನ್ನ ಬಾಯಿಗೆ ಕೈ ಹಾಕ್ತೀನಾ? ಅಗಲ ಮಾಡು. ಇನ್ನೂ."

ಕಡ್ಡಿಯ ಬಾಯಲ್ಲಿ ಹತ್ತಿ, ನೀರಿನ ಕೊಳವೆ, ಕನ್ನಡಿ. ಅವಳು ಮೇಲಿನ ದೀಪವನ್ನೇ ನೋಡುತ್ತ ಮಲಗಿದ್ದಳು. ಕೊರೆತ ಮುಗಿಯುವವರೆಗೂ ಡಾಕ್ಟರು ಅಪ್ಪನ ಬಗ್ಗೆ ಅನುಕಂಪದಿಂದ ಮಾತಾಡಿದರು. ಉಗುಳಲು ಎದ್ದಾಗ ಅವಳ ಅರ್ಧ ತುಟಿ ಮರಗಟ್ಟಿತ್ತು.

"ಆ ಕಾರು ನನಗೆ ಕೊಡ್ತೀರಾ ಡಾಕ್ಟ್ರೇ?"

"ತಗೊಂಡು ಹೋಗು ಮಾರಾಯ್ತಿ. ಅದರ ಮುಖ ನೋಡಲ್ಲ ನಾನು. ಏನು ಮಾಡ್ತೀಯ ಅದನ್ನ?"

"ಓಡಿಸ್ತೀನಿ. ಟ್ರ್ಯಾಕ್ ದಿನ ಬನ್ನಿ. ನೀವು ಬರಲೇಬೇಕು."

ಮರಗಟ್ಟಿದ ತುಟಿಯಿಂದ ಬಂದ ಆ ಮಾತು ಅರ್ಧ ತೊದಲಾಗಿತ್ತು. ಡಾಕ್ಟರು ನಕ್ಕು, ಬರ್ತೀನಿ ಎಂದರು.

ಮುಂದಿನ ವಾರಗಳಲ್ಲಿ ಹಿತ್ತಲು ಗ್ಯಾರೇಜಾಯಿತು. ಕಡ್ಡಿ ಗುಜರಿಯಿಂದ ಅದೇ ಮಾದರಿಯ ಇನ್ನೊಂದು ಕಾರಿನ ಮೂತಿ ತಂದಳು. ಅದು ನೀಲಿ. ಕೆಂಪು ಮೈಗೆ ನೀಲಿ ಮೂತಿ ಕೂತಿತು. "ನೆಗಡಿ ಬಂದ ಹಾಗಿದೆ," ಅಂದಳು ಚಿಕ್ಕಮ್ಮ ಮಹಡಿಯಿಂದ ಬಟ್ಟೆ ಒಣಹಾಕುತ್ತ. ಕಂಪನಿಯ ಟರ್ಬೊ ಬಿಚ್ಚಿ, ಒಂದು ಅಳತೆ ದೊಡ್ಡದನ್ನು ಅಂಗಡಿಯಲ್ಲಿ ಹಳೆಯ ಮೂರರಿಂದ ಜೋಡಿಸಿ ತಂದಳು. ಅಂಗಡಿಯ ಯಜಮಾನ ಅದಕ್ಕೆ ಬದಲು ಅವಳ ಭಾನುವಾರಗಳನ್ನು ಕೇಳಿದ. ಅವಳು ಬೆಳಗಿನ ಹೊತ್ತು ಕೊಟ್ಟಳು, ಮಧ್ಯಾಹ್ನದ ಊಟಕ್ಕೆ ಮಾತ್ರ ತಪ್ಪದೆ ಬಂದಳು. ರಾಕೆಟ್ ಎದುರು ಕೂತು ಉಣ್ಣುವುದನ್ನು ಅವಳು ಬಿಡುವಂತಿರಲಿಲ್ಲ.

"ಮೂರು ಟರ್ಬೊ ಸೇರಿಸಿ ಒಂದು ಮಾಡಿದ್ದೀಯಂತೆ?" ರಾಕೆಟ್ ಕೇಳುತ್ತಿದ್ದ. "ನಂದು ಸೀಲು ಕೂಡ ಒಡೆದಿಲ್ಲ, ನೇರ ಡಬ್ಬದಿಂದ."

"ಡಬ್ಬದಿಂದ ಬಂದಿದ್ದನ್ನ ಕಾರಿಗೆ ಹಾಕೋದು ಗೊತ್ತಾ, ಅದಕ್ಕೂ ಯಾರನ್ನಾದ್ರೂ ಕರೀಬೇಕಾ?"

"ಅಪ್ಪ ಹಾಕ್ತಾರೆ."

"ನಿಮ್ಮಪ್ಪ ಬಿಲ್ಲು ಹಾಕ್ತಾರೆ."

ಅಮ್ಮನಿಗೆ ಕೆಮ್ಮು ಬಂತು, ಅವಳು ಅಡುಗೆಮನೆಗೆ ಹೋದಳು. ಕಾರಿನ ಸೀಟಿನ ಹೊದಿಕೆ ಹೊಲಿಯುವುದು ಅಮ್ಮನ ವೃತ್ತಿ. ಗ್ಯಾರೇಜಿನ ಸೀಟುಗಳೆಲ್ಲ ಮೊದಲು ಅವಳ ಯಂತ್ರದ ಕೆಳಗೇ ಹಾದುಹೋಗುತ್ತಿದ್ದವು. ಈಗ ಚಿಕ್ಕಪ್ಪ ಕೇಳಿದಾಗಲೆಲ್ಲ ನೂಲು ಮುಗಿದಿರುತ್ತಿತ್ತು. ಕೆಂಪು ಕಾರಿನ ಸೀಟಿಗೆ ಮಾತ್ರ ಅದೇ ನೂಲು ಸಾಕಷ್ಟಿತ್ತು. ಅವಳು ಅದನ್ನು ಜೋಡಿ ಹೊಲಿಗೆಯಲ್ಲಿ ಹೊಲಿದಳು, ಮಗಳನ್ನು ಕೂರಿಸಿ ಸೊಂಟದ ಬಳಿ ಬಿಗಿ ನೋಡಿದಳು.

"ಉಸಿರು ಕಟ್ಟುತ್ತಮ್ಮ."

"ಕಟ್ಟಲಿ. ಅವನ್ನ ಸೋಲಿಸಿ ಬಂದ ಮೇಲೆ ಉಸಿರಾಡು."

ಅಪ್ಪ ಮೊದಮೊದಲು ಹಿತ್ತಲಿಗೆ ಬರಲಿಲ್ಲ. ಕಿಟಕಿಯ ಬಳಿ ಕೂತು ಯಾರದೋ ಪಂಪಿನ ತಂತಿ ಸುತ್ತುತ್ತಿದ್ದ. ಒಂದು ಸಂಜೆ ಕಿಟಕಿಯೊಳಗಿಂದಲೇ ಕೇಳಿದ: "ಕ್ಲಚ್ ಯಾವುದು ಹಾಕ್ತೀಯ?"

"ಹಳೇದೇ ಇದೆಯಲ್ಲ."

"ಆ ಟರ್ಬೊಗೆ ಹಳೇ ಕ್ಲಚ್ಚಾ. ಒಂದು ಸುತ್ತು ತಡೆಯತ್ತೆ. ಎರಡನೇದಕ್ಕೆ ಹೊಗೆ ನೋಡ್ಕೊಂಡು ಬರ್ತೀಯ."

ಮರುದಿನ ಅವನು ಹೊರಗೆ ಬಂದ. ಗಾಳಿ ತಂಪು ಮಾಡುವ ರೇಡಿಯೇಟರನ್ನು ಅವಳು ಕೂರಿಸಿದ್ದ ಕಡೆಯಿಂದ ತೆಗೆಸಿ ಕೆಳಗೆ ಇರಿಸಿದ. ಟರ್ಬೊಗೆ ಎಣ್ಣೆ ಹೋಗುವ ಕೊಳವೆ ಬಗ್ಗಿದ ಕಡೆ ಬೆರಳಿಟ್ಟು ತಲೆಯಾಡಿಸಿದ. ಹೊಗೆಕೊಳವೆಯನ್ನು ಬೇರೆ ಮಾಡಿಸಿದ. ಈ ಕಾರು ಯಾಕೆ, ಯಾರ ಎದುರು ಎಂಬುದೊಂದನ್ನೂ ಆಡಲಿಲ್ಲ. ಅವಳು ಬಿಗಿ ಮಾಡಿದ್ದನ್ನು ಅವನು ಸ್ಪ್ಯಾನರ್ ಹಾಕಿ ನೋಡುತ್ತಿದ್ದ, ಹಳದಿ ಗೆರೆ ಎಳೆಯುತ್ತಿದ್ದ. ಅವನು ಬಿಗಿ ಮಾಡಿದ್ದಕ್ಕೆ ಅವಳು ಗೆರೆ ಎಳೆಯುತ್ತಿದ್ದಳು. ಅವನು ಗೆರೆ ಎಳೆಯುವಾಗ ಕಡ್ಡಿ ಅವನ ಕೈಯನ್ನೇ ನೋಡುತ್ತಿದ್ದಳು. ಅದು ಕಲ್ಲಿನ ಹಾಗೆ ನಿಂತಿರುತ್ತಿತ್ತು.

"ಅಪ್ಪ, ಒಂದೇ ಒಂದು ಸಲ ಡಾಕ್ಟ್ರಿಗೆ ನಿಜ ಹೇಳಿಬಿಡ್ತೀನಿ."

"ನಿನ್ನ ಅಜ್ಜಿಗೆ ಮಾತು ಕೊಟ್ಟಿದೀನಿ."

"ನಾನು ಕೊಟ್ಟಿಲ್ಲ."

"ನಾನು ಕೊಟ್ಟರೆ ನೀನು ಕೊಟ್ಟ ಹಾಗೇ. ಆ ಹತ್ತನೇ ನಂಬರ್ ಸ್ಪ್ಯಾನರ್ ಕೊಡು."

ಎಂಜಿನ್ ಮೊದಲ ಸಲ ಶುರುವಾದದ್ದು ಚಿಕ್ಕಪ್ಪ ಊಟ ಮುಗಿಸಿ ಮಹಡಿಯಲ್ಲಿ ಮಲಗಿದ್ದಾಗ. ಕಡ್ಡಿ ಆ ಹೊತ್ತನ್ನೇ ಕಾದಿದ್ದಳು. ಹೊಸ ಹೊಗೆಕೊಳವೆಯ ಸದ್ದಿಗೆ ಅಡುಗೆಮನೆಯ ಲೋಟಗಳು ನಡುಗಿದವು. ಚಿಕ್ಕಪ್ಪ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದ.

"ಏಯ್, ಮನುಷ್ಯರು ಇದ್ದಾರೆ ಇಲ್ಲಿ."

"ಎಲ್ಲಿ?" ಅಂದಳು ಕಡ್ಡಿ, ಸುತ್ತ ನೋಡುತ್ತ.

ಅವಳು ಇನ್ನೊಮ್ಮೆ ಪೆಡಲು ತುಳಿದಳು. ಅಮ್ಮ ಕಿಟಕಿಯಲ್ಲಿ ಕಾಣಿಸಿಕೊಂಡು, ಸಾಕು ಅನ್ನುವುದರ ಬದಲು ಇನ್ನೂ ಎಂಬಂತೆ ಗಲ್ಲ ಎತ್ತಿದಳು.

ಆ ಸಂಜೆ ಅಜ್ಜಿ ಕಡ್ಡಿಯನ್ನು ತನ್ನ ಮಂಚದ ಬಳಿ ಕೂರಿಸಿಕೊಂಡಳು. "ಒಂದೇ ಮನೆ ಮಕ್ಕಳು ನೀವು. ಅವನ ಕಾರಿಗೆ ಪೈಪೋಟಿ ಮಾಡಿ ಏನು ಸಿಗತ್ತೆ ನಿಂಗೆ?"

"ನಮ್ಮಪ್ಪನ ಹೆಸರು. ಡಾಕ್ಟ್ರು ಬರ್ತಾರೆ, ಹಳೆ ಗಿರಾಕಿಗಳು ಎಲ್ಲ ಬರ್ತಾರೆ. ಈ ಕಾರು ಯಾರ ಕೈಯಲ್ಲಿ ಎದ್ದು ನಿಂತ್ಕೊಂಡಿದೆ ಅಂತ ಅವರು ನೋಡಲಿ."

"ಅಷ್ಟೇ ತಾನೇ?"

"ಅಷ್ಟೇ. ನೀನು ನಿಜ ಹೇಳಿದ್ರೆ ಅಷ್ಟೂ ಬೇಕಾಗಿರಲಿಲ್ಲ."

ಅಜ್ಜಿ ಹೊದಿಕೆ ಸರಿಮಾಡಿಕೊಂಡು ಗೋಡೆಯ ಕಡೆ ಮಗ್ಗುಲಾದಳು.

ಟ್ರ್ಯಾಕು ಊರಾಚೆಯ ಬಯಲು. ಒಂದೊಂದೇ ಕಾರು ಹೊರಡುತ್ತದೆ, ಹೊತ್ತು ಅಳೆಯುತ್ತಾರೆ. ಪ್ರತಿಯೊಬ್ಬರಿಗೂ ಎರಡು ಸರದಿ, ಅದರಲ್ಲಿ ಉತ್ತಮವಾದದ್ದು ಲೆಕ್ಕ. ಚಿಕ್ಕಪ್ಪ ಗ್ಯಾರೇಜಿನ ಹೆಸರು ಬರೆದ ಟೆಂಟ್ ಹಾಕಿಸಿದ್ದ. ಒಳಗೆ ರಾಕೆಟ್‌ನ ಕಪ್ಪು ಕಾರು ಹೊಳೆಯುತ್ತಿತ್ತು. ಅಪ್ಪ, ಕಡ್ಡಿ ಒಂದು ತಾಡಪತ್ರಿ ಹಾಸಿ ಹಳೆಯ ಟೈರುಗಳ ಮೇಲೆ ಕೂತರು. ಅಮ್ಮ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಕಟ್ಟಿಕೊಟ್ಟಿದ್ದಳು. ತಾನು ಮಾತ್ರ ಬರಲಿಲ್ಲ. ಗೆದ್ದರೆ ಎಲ್ಲರ ಮುಂದೆ ಕುಣಿದುಬಿಟ್ಟೇನು ಎಂದಿದ್ದಳು.

ಮೊದಲ ಸರದಿಯಲ್ಲಿ ಕೆಂಪು ಕಾರು ನೀಲಿ ಮೂತಿ ಮುಂದೆ ಮಾಡಿಕೊಂಡು ಹೊರಟಾಗ ಬೇಲಿಯ ಬಳಿ ಕೆಲವರು ನಕ್ಕರು. ಅದು ತಿರುಗಿ ಬಂದಾಗ ಯಾರೂ ನಗುತ್ತಿರಲಿಲ್ಲ. ಧ್ವನಿವರ್ಧಕದಲ್ಲಿ ಅವಳ ಹೊತ್ತು ಹೇಳಿದರು. ರಾಕೆಟ್‌ಗಿಂತ ಮುಂದೆ. ಹಳೆಯ ಗಿರಾಕಿಗಳಿಬ್ಬರು ಅಪ್ಪನ ಬಳಿ ಬಂದು ಕಾರಿನ ಮುಂದಿನ ಮುಚ್ಚಳದೊಳಗೆ ಬಗ್ಗಿ ನೋಡಿದರು. "ಇದು ನಿಮ್ಮ ಕೆಲಸವೇ," ಅಂದರು. ಬೇಲಿಯಾಚೆ ಹಲ್ಲಿನ ಡಾಕ್ಟರೂ ಇದ್ದರು. ಹತ್ತಿರ ಬರಲಿಲ್ಲ, ನೋಡುತ್ತಿದ್ದರು.

ಚಿಕ್ಕಪ್ಪನ ಮಾತು ಟೆಂಟಿನಿಂದ ಕೇಳುತ್ತಿತ್ತು. "ಒಂದು ಸುತ್ತು ಯಾರು ಬೇಕಾದ್ರೂ ಓಡಿಸ್ತಾರೆ. ಸಂಜೆವರೆಗೆ ಎಲ್ಲ ಬೋಲ್ಟು ಉಳ್ಕೊಂಡ್ರೆ ಹೇಳಿ. ಯಾರು ಕಟ್ಟಿದ ಕಾರು ಅಂತ ಗೊತ್ತಲ್ಲ."

ಸುತ್ತಲಿದ್ದವರು ನಕ್ಕರು. ಅಪ್ಪ ಬ್ರೆಡ್ಡಿನ ತುಂಡನ್ನು ಬಾಯಿಗಿಡದೆ ಕೆಳಗಿಟ್ಟ.

ಎರಡನೇ ಸರದಿಗೆ ಮುಂಚೆ ಕಡ್ಡಿ ನೀರು ತರಲು ಹೋದಳು. ದಾರಿ ಟೆಂಟಿನ ಮುಂದೆಯೇ. ರಾಕೆಟ್ ಆತುರದಲ್ಲಿ ಬ್ರೇಕಿನ ಪ್ಯಾಡು ಬದಲಿಸಿ ಕಾರನ್ನು ಜ್ಯಾಕಿನಿಂದ ಇಳಿಸಿದ್ದ. ಮುಂದಿನ ಎಡಚಕ್ರ ಹೊರಕ್ಕೆ ತಿರುಗಿ ನಿಂತಿತ್ತು. ಮುಂದಿನಿಂದ ನೋಡಿದರೆ ಬ್ರೇಕಿನ ಹಿಂಭಾಗ ಕಾಣುತ್ತಿತ್ತು. ಎರಡು ಬೋಲ್ಟುಗಳ ಮೇಲೂ ಇನ್ನೂ ಒಣಗದ ಹಳದಿ ಗೆರೆ. ಕೆಳಗಿನ ಬೋಲ್ಟಿನ ತಲೆ ಕೂತಿರಲಿಲ್ಲ. ಅದರ ಕತ್ತಿನ ಹೊಸ ಕಬ್ಬಿಣ ಕಿರುಬೆರಳಿನ ಉಗುರಿನಷ್ಟು ಹೊರಗೆ ಹೊಳೆಯುತ್ತಿತ್ತು.

ಕಡ್ಡಿ ನಿಂತಳು.

"ಏನು, ದೃಷ್ಟಿ ಹಾಕೋಕೆ ಬಂದ್ಯಾ?" ರಾಕೆಟ್ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದ.

"ಯಾರು ಹಾಕಿದ್ದು ಪ್ಯಾಡು?"

"ನಾನೇ. ಯಾಕೆ, ನಿಮ್ಮಪ್ಪನ್ನ ಕರೀಬೇಕಿತ್ತಾ?"

ಅವಳ ಕೈಯಲ್ಲಿದ್ದ ಬಾಟಲಿ ಖಾಲಿಯಿತ್ತು. ಅವಳು ಅದರ ಮುಚ್ಚಳ ತಿರುಗಿಸಿ ಹಾಕಿದಳು.

"ಏನಿಲ್ಲ," ಅಂದಳು. "ಹೋಗು."

ಅವಳು ನೀರು ತುಂಬಿಸಿಕೊಂಡು ಬೇರೆ ದಾರಿಯಿಂದ ವಾಪಸು ಬಂದಳು. ಟೈರಿನ ಮೇಲೆ ಕೂತಳು. ಕಪ್ಪು ಕಾರು ಸಾಲಿಗೆ ಬಂದು ನಿಂತಿತು. ಅದರ ಮುಂದೆ ಇನ್ನೂ ಕೆಲವು ಕಾರುಗಳಿದ್ದವು. ಒಂದು ಹೊರಟಿತು, ಸುತ್ತು ಹೊಡೆದು ಬಂತು. ಇನ್ನೊಂದು ಹೊರಟಿತು. ಅಪ್ಪ ಆಲೂಗಡ್ಡೆಯ ಸಿಪ್ಪೆ ಬಿಡಿಸಿ ಅವಳ ಮುಂದಿಟ್ಟ.

"ತಿನ್ನು. ಹಸ್ಕೊಂಡು ಕೂತ್ರೆ ಕಾಲು ನಡುಗತ್ತೆ."

ಅವಳು ತಿಂದಳು. ಪೂರ್ತಿ ತಿಂದಳು. ಕೈ ಒರೆಸಿಕೊಂಡಳು. ಕಪ್ಪು ಕಾರಿನ ಮುಂದೆ ಈಗ ಒಂದೇ ಕಾರು ಉಳಿದಿತ್ತು. ಡಾಕ್ಟರು ಬೇಲಿಯ ಪಕ್ಕ, ಹಿಂದಿನ ವರ್ಷ ತಾವು ಗೋಡೆಗೆ ಬಡಿದ ಅದೇ ತಿರುವಿನ ಕಡೆ ನಡೆದು ಹೋಗುತ್ತಿದ್ದರು. ಚಿಕ್ಕಪ್ಪ ಕಾರಿನ ಕಿಟಕಿಗೆ ಬಗ್ಗಿ ಮಗನ ಹೆಲ್ಮೆಟ್ಟಿನ ಪಟ್ಟಿಯ ಒಳಗೆ ಬೆರಳು ತೂರಿಸಿ ನೋಡಿದ, ಸಡಿಲ ಮಾಡಿದ, ಮತ್ತೆ ಬಿಗಿದ. ಮುಂದಿದ್ದ ಕಾರೂ ಹೊರಟಿತು. ಸುತ್ತು ಮುಗಿಸಿತು.

"ಅಪ್ಪ."

"ಹ್ಞೂಂ."

"ಅವನ ಮುಂದಿನ ಎಡಗಡೆ ಕೆಳಗಿನ ಬೋಲ್ಟು ಕೂತಿಲ್ಲ. ಗೆರೆ ಇದೆ."

ಅಪ್ಪ ಅವಳನ್ನು ಪೂರ್ತಿ ನೋಡಲೂ ಇಲ್ಲ. ಎದ್ದು ಓಡಿದ. ಟೈರುಗಳ ಸಾಲು ಹಾರಿದ, ಎಡವಿದ, ಎದ್ದ. ಬಾವುಟದವನು ಕೈ ಎತ್ತುವ ಹೊತ್ತಿಗೆ ಕಪ್ಪು ಕಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದ. ಕಾರು ಅವನ ಮೊಣಕಾಲಿಗೆ ತಗುಲಿ ನಿಂತಿತು.

ಚಿಕ್ಕಪ್ಪ ಓಡಿ ಬಂದ. "ಸೋಲೋಕಾಗಲ್ವಾ ನಿಂಗೆ? ಇಷ್ಟು ಜನದ ಎದುರು ಮಾನ ತೆಗೀತೀಯಲ್ಲ ಅಣ್ಣ."

"ಸ್ಟೇರಿಂಗ್ ಎಡಕ್ಕೆ ತಿರುಗಿಸೋ," ಅಂದ ಅಪ್ಪ, ರಾಕೆಟ್‌ಗೆ.

ಚಕ್ರ ತಿರುಗಿತು. ಅಪ್ಪ ಕೂತ. ಒಳಗೆ ಕೈ ತೂರಿಸಿ, ಎರಡು ಬೆರಳಲ್ಲಿ ಬಾಟಲಿಯ ಮುಚ್ಚಳ ತೆಗೆಯುವ ಹಾಗೆ ಬೋಲ್ಟನ್ನು ತಿರುಗಿಸಿ ತೆಗೆದ. ಕಾರಿನ ಮುಚ್ಚಳದ ಮೇಲೆ ಅದನ್ನು ಇಟ್ಟ. ಅವನ ಬೆರಳಿಗೆ ಹಳದಿ ಅಂಟಿತ್ತು.

ರಾಕೆಟ್ ಹೆಲ್ಮೆಟ್ಟು ತೆಗೆದು ಕಾರಿನಿಂದ ಇಳಿದ. ಬೋಲ್ಟನ್ನು ನೋಡಿದ. ಅವನ ಮುಖದ ಬಣ್ಣ ಹೋಗಿತ್ತು.

"ಗೆರೆ ಇತ್ತು ದೊಡ್ಡಪ್ಪ," ಅಂದ. "ಗೆರೆ ಇದೆ ಅಂದ್ಮೇಲೆ ಬಿಗಿ ಮಾಡಿದೀನಿ ಅಂದ್ಕೊಂಡೆ. ಅವತ್ತೂ ಹಿಂಗೇ ಆಗಿದ್ದು."

"ಸುಮ್ಮನಿರೋ," ಅಂದ ಚಿಕ್ಕಪ್ಪ.

ಜನ ಸೇರಿದ್ದರು. ಡಾಕ್ಟರು ಬೇಲಿ ದಾಟಿ ಬಂದಿದ್ದರು. "ಅವತ್ತು ಅಂದ್ರೆ ಯಾವತ್ತು?"

"ಹುಡುಗ ಹೆದರಿದಾನೆ ಡಾಕ್ಟ್ರೇ, ಏನೇನೋ ಮಾತಾಡ್ತಿದಾನೆ."

"ನಿಮ್ಮನ್ನ ಕೇಳಲಿಲ್ಲ ನಾನು." ಡಾಕ್ಟರು ರಾಕೆಟ್ ಕಡೆ ತಿರುಗಿದರು. "ನನ್ನ ಕಾರಿನ ಎಡ ಚಕ್ರ ಯಾರು ಮಾಡಿದ್ದು?"

ರಾಕೆಟ್ ಅಪ್ಪನನ್ನು ನೋಡಿದ, ಚಿಕ್ಕಪ್ಪನನ್ನು ನೋಡಿದ. "ನಾನು," ಅಂದ. "ದೊಡ್ಡಪ್ಪ ಅದನ್ನ ಮುಟ್ಟೇ ಇಲ್ಲ."

ಜನರ ಹಿಂದೆ ನಿಂತಿದ್ದ ಕಡ್ಡಿ ಆ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಚಿಕ್ಕಪ್ಪನ ಮುಖವನ್ನೂ ಬಿಡದೆ ನೋಡಿದಳು. ತನ್ನ ಎರಡನೇ ಸರದಿಯನ್ನು ಅವಳು ಓಡಿಸಲಿಲ್ಲ. ಓಡಿಸಬೇಕಾಗಿರಲಿಲ್ಲ.

ಸುದ್ದಿ ಅವರಿಗಿಂತ ಮುಂಚೆ ಮನೆಗೆ ಬಂದಿತ್ತು. ಅಮ್ಮ ಬಾಗಿಲಲ್ಲೇ ಮಗಳ ಮುಖ ಹಿಡಿದು ನೋಡಿದಳು. "ನೀನು ಮೊದಲೇ ನೋಡಿದ್ದೆ, ಅಲ್ವಾ?"

"ಹ್ಞೂಂ."

"ನಾನಾಗಿದ್ರೆ ಹೇಳ್ತಿದ್ನೋ ಇಲ್ವೋ," ಅಂದಳು ಅಮ್ಮ, ಅಷ್ಟೇ ಹೇಳಿ ಒಳಗೆ ಹೋದಳು.

ಮುಂದಿನ ದಿನಗಳಲ್ಲಿ ಗ್ಯಾರೇಜಿನ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾದವು. ಹಳೆಯ ಗಿರಾಕಿಗಳು ಮನೆಯ ಹಿತ್ತಲಿಗೇ ಬರತೊಡಗಿದರು. ಡಾಕ್ಟರು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡು ನಿಂತರು. ಅಪ್ಪ ಮುಜುಗರದಿಂದ ಕೈ ಬಿಡಿಸಿಕೊಂಡು ಟೀ ತರಿಸಿದ. ಚಿಕ್ಕಪ್ಪ ಒಂದು ಸಂಜೆ ಕೆಳಗಿಳಿದು ಬಂದು ಬಾಗಿಲ ಬಳಿಯೇ ನಿಂತ.

"ವಾಪಸ್ ಬಾ ಅಣ್ಣ."

"ಯಾರ ಅಂಗಡಿಗೆ?" ಅಮ್ಮ ಒಳಗಿನಿಂದ ಕೇಳಿದಳು.

"ಇಬ್ಬರದೂ."

"ಬೋರ್ಡು ಮೊದಲು ಬರೆಸಿ. ಆಮೇಲೆ ಬಂದು ಕರೀರಿ. ಒಳಗೆ ಬರೋ ಹಾಗಿದ್ರೆ ಚಪ್ಪಲಿ ಬಿಟ್ಟು ಬನ್ನಿ, ಈಗಷ್ಟೇ ಒರೆಸಿದೀನಿ."

ಅವನು ಬೋರ್ಡು ಬರೆಸಿದ. ಅಣ್ಣನ ಹೆಸರು ಮೇಲೆ. ಬರೆಯುವವನು ಅಕ್ಷರ ಸಣ್ಣದು ಮಾಡಿದನೆಂದು ಅಮ್ಮ ಇನ್ನೊಮ್ಮೆ ಬರೆಸಿದಳು. ರಾಕೆಟ್‌ಗೆ ಗ್ಯಾರೇಜಿನಲ್ಲಿ ನೆಲ ಗುಡಿಸುವ, ಬಿಡಿಭಾಗ ತೊಳೆಯುವ ಕೆಲಸ ಎಂದು ಅಪ್ಪ ತೀರ್ಮಾನಿಸಿದ್ದ.

ಆ ಭಾನುವಾರ ಎಲ್ಲರೂ ಮೇಜಿಗೆ ಕೂತರು. ಚಿಕ್ಕಪ್ಪನಿಗೆ ಹಸಿವಿರಲಿಲ್ಲ. ರಾಕೆಟ್ ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದ.

"ನಾಳೆ ಏಳಕ್ಕೇ ಬಾಗಿಲು ತೆಗೆಯೋಣ," ಅಂದ ಅಪ್ಪ, ತಮ್ಮನಿಗೆ.

"ಸರಿ ಅಣ್ಣ."

"ನಾನೂ ಬರ್ತೀನಿ," ಅಂದಳು ಕಡ್ಡಿ. "ಟರ್ಬೊ ಅಂಗಡಿಯಲ್ಲಿ ಕೆಲಸ ಬಿಡ್ತೀನಿ ಅಂತ ಹೇಳಿ ಬಂದಿದೀನಿ. ಗೆರೆ ಹಾಕೋಕೆ ನಿಂಗೆ ಒಬ್ಬರು ಬೇಕಲ್ಲ."

ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ನೀನು ಬೇಡ."

"ಯಾಕೆ?"

"ಆಲೂಗಡ್ಡೆ ಪೂರ್ತಿ ತಿಂದೆ ನೀನು. ನಾನು ಪಕ್ಕದಲ್ಲೇ ಇದ್ದಾಗ. ಬೋಲ್ಟು ಕೂತಿಲ್ಲ ಅಂತ ಗೊತ್ತಿದ್ದೂ." ಅವನು ಮಗಳ ಕಡೆ ನೋಡಲಿಲ್ಲ. "ಅಂಥವರು ನನ್ನ ಕೆಲಸಕ್ಕೆ ಗೆರೆ ಎಳೆಯೋದು ಬೇಡ."

"ಹೇಳಿದ್ನಲ್ಲ ಅಪ್ಪ."

"ಹೇಳಿದೆ."

ರಾಕೆಟ್ ತಲೆಯೆತ್ತಿ ಕಡ್ಡಿಯನ್ನು ನೋಡಿದ. ಅವಳು ಮೊದಲೇ ನೋಡಿದ್ದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಅಜ್ಜಿ ನೀರಿನ ಲೋಟ ಕೆಳಗಿಟ್ಟಳು. ಅವಳ ದನಿ ಮೆಲ್ಲಗಿತ್ತು. "ನಿನ್ನ ಜೊತೆ ಬೆಳೆದ ಹುಡುಗ ಅವನು. ಜೀವ ಹೋಗ್ತಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆ ನೀನು?"

ಕಡ್ಡಿ ಅಜ್ಜಿಯ ಮುಖವನ್ನೇ ನೋಡಿದಳು. ಅವಳ ದನಿಯೂ ಅಷ್ಟೇ ಮೆಲ್ಲಗಿತ್ತು.

"ನೀನು ಸುಮ್ಮನಿದ್ದಷ್ಟು ಹೊತ್ತೇನಲ್ಲ ಅಜ್ಜಿ."

ಅಜ್ಜಿ ದೊಡ್ಡ ಮಗನ ಕಡೆ ತಿರುಗಿದಳು, ಅವನು ಏನಾದರೂ ಹೇಳಿಯಾನೆಂದು. ಅವನು ತಟ್ಟೆಗೆ ಕೈಯಿಟ್ಟವನು ಅಲ್ಲಿಂದ ಎತ್ತಲಿಲ್ಲ. ಚಿಕ್ಕ ಮಗನ ಕಡೆ ತಿರುಗಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಅಮ್ಮ ಎದ್ದು ಬಂದು ಕಡ್ಡಿಯ ತಟ್ಟೆಗೆ ಎರಡನೇ ಸಲ ಬಡಿಸಿದಳು. ಕಡ್ಡಿ ಉಣ್ಣತೊಡಗಿದಳು.